ಯಂತ್ರದ ಸದ್ದು ನಿವಾರಿಸಲಾಗಿದೆ

ಸ್ಕಾರ್ವೊಯ್ ಪುರಸಭೆಯ ವ್ಯಾಪ್ತಿಯಲ್ಲಿರುವ ಪ್ರತಿಯೊಂದು ಮಗುವಿಗೂ ಸಂಗೀತ ಕಲಿಯುವ ಹಕ್ಕಿದೆ. ಈ ಹಕ್ಕು ಕಾನೂನಿನಲ್ಲಿದೆ. ಕಾನೂನಿನಲ್ಲಿ ಸಮುದ್ರದ ಬಗ್ಗೆ ಏನೂ ಹೇಳಿಲ್ಲ.

ಸಮುದ್ರದ ಆಚೆ ಹೋಲ್ಮೆನ್ ಎಂಬ ನಡುಗಡ್ಡೆ. ಅಲ್ಲಿ ಸಾಲ್ಮನ್ ಮೀನು ಸಾಕುವವರ ಮನೆಯೊಂದರಲ್ಲಿ ಹದಿನೈದು ವರ್ಷದ ಸುನ್ನಿವಾ ಇದ್ದಳು. ಅವಳು ನುಡಿಸುತ್ತಿದ್ದುದು ಡಬಲ್ ಬಾಸ್. ಪಿಟೀಲಿನ ವಂಶದಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ತಗ್ಗು ದನಿಯದು. ನಿಲ್ಲಿಸಿದರೆ ಅವಳಿಗಿಂತ ಒಂದು ತಲೆ ಎತ್ತರ. ಅದನ್ನು ಮೊದಲ ಸಲ ನಡುಗಡ್ಡೆಗೆ ಒಯ್ದಾಗ ಬೋಟಿನ ಕಪ್ತಾನ ನಿಯಮಗಳನ್ನು ಓದಿ, ಸೀಟು ಹಿಡಿದು ಕೂರುವ ಯಾವುದಕ್ಕೇ ಆಗಲಿ ಲೈಫ್ ಜಾಕೆಟ್ ಕಡ್ಡಾಯ ಎಂದು ತೀರ್ಮಾನಿಸಿದ. ಬಾಸಿಗೆ ತೊಡಿಸಿದರು. ಸೊಂಟದ ಹತ್ತಿರ ಸ್ವಲ್ಪ ಬಿಗಿಯಾಯಿತು.

ಚಳಿಗಾಲದಲ್ಲಿ ಬೋಟ್ ಓಡುವುದು ಗಾಳಿಗೆ ಮನಸ್ಸಾದಾಗ. ಹಾಗಾಗಿ ಪುರಸಭೆಯ ಬಾಸ್ ಶಿಕ್ಷಕಿ ಅಸ್ಲೌಗ್ ಈಚೆ ದಡದಿಂದ ತನ್ನ ಸ್ವಂತ ಫೋನಿನಲ್ಲಿ ವಿಡಿಯೊ ಕರೆ ಮಾಡಿ ಪಾಠ ಹೇಳುತ್ತಿದ್ದಳು. ಯಾವ ತಂತ್ರಾಂಶ ಎಂದು ಕೇಳಿದರೆ ಅವಳಿಗೆ ಹೆಸರು ಗೊತ್ತಿರಲಿಲ್ಲ. ಬಾಸ್ ಕೇಳಿಸುತ್ತಿತ್ತು. ಈಸ್ಟರ್ ಹೊತ್ತಿಗೆ ನಗರದ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಸುನ್ನಿವಾ ಮನೆಯವರ ಜೊತೆ ಮೀನಿಗೆ ಮೇವು ಹಾಕಬೇಕು. ಆ ಕೆಲಸದ ಬಗ್ಗೆ ಅವಳ ಅಭಿಪ್ರಾಯ ಮೀನುಗಳಿಗೂ ಗೊತ್ತಿತ್ತು.

ಈ ವ್ಯವಸ್ಥೆ ಸಂಸ್ಕೃತಿ ಅಧಿಕಾರಿ ಶೆಟಿಲ್‌ನ ಗಮನಕ್ಕೆ ಬಂದದ್ದು ಕ್ಯಾಂಟೀನಿನಲ್ಲಿ. ಅವನು ವಾಫಲ್ ಮೇಲೆ ಜಾಮ್ ಸವರುತ್ತಿದ್ದವನು ಕೈ ನಿಲ್ಲಿಸಿದ.

"ಅಸ್ಲೌಗ್, ಅನುಮೋದನೆ ಇಲ್ಲದ ತಂತ್ರಾಂಶದಲ್ಲಿ ಕಲಿತ ಸ್ವರಕ್ಕೆ ನಾಳೆ ಯಾರು ಜವಾಬ್ದಾರಿ?"

ಪಾಠ ನಿಂತಿತು. ತಂತ್ರಾಂಶ ಆಯ್ಕೆ ಸಮಿತಿ ಹುಟ್ಟಿತು.

ಸಮಿತಿಯಲ್ಲಿ ಶೆಟಿಲ್, ಕಂಪ್ಯೂಟರ್ ವಿಭಾಗದ ಒಡ್‌ವಾರ್, ಮಾತಾಡುವ ಹಕ್ಕಿದ್ದು ಮತದ ಹಕ್ಕಿಲ್ಲದ ಅಸ್ಲೌಗ್, ಮತ್ತು ಪೋಷಕರ ಪ್ರತಿನಿಧಿಯಾಗಿ ನಾನು. ನನಗೆ ಮಕ್ಕಳಿಲ್ಲ. ಮಂಗಳವಾರ ಬಿಡುವಿತ್ತು.

ನಮ್ಮಲ್ಲಿ ಯಾವ ನಿರ್ಧಾರಕ್ಕೂ ಮೊದಲು ಸಂಬಂಧಪಟ್ಟವರ ಅಭಿಪ್ರಾಯ ಕೇಳಬೇಕು, ಮತ್ತು ನಮ್ಮಲ್ಲಿ ಎಲ್ಲರೂ ಎಲ್ಲದಕ್ಕೂ ಸಂಬಂಧಪಟ್ಟವರು. ಹಿರಿಯರ ಮಂಡಳಿ ಗುಂಡಿಗಳು ದೊಡ್ಡದಾಗಿರಲಿ ಎಂದಿತು. ಬಂದರು ಇಲಾಖೆ, ತಂತ್ರಾಂಶವನ್ನು ದೋಣಿ ಕಟ್ಟುವ ಧಕ್ಕೆಗೆ ಕಟ್ಟದಿದ್ದರೆ ತನ್ನ ತಕರಾರಿಲ್ಲ ಎಂದಿತು. ಮೀನುಗಾರರ ಸಂಘ ಕಾಡ್ ಮೀನು ಹಿಡಿಯುವ ಮಿತಿ ಹೆಚ್ಚಿಸಬೇಕೆಂದು ಬರೆಯಿತು. ಅವರು ಏನು ಕೇಳಿದರೂ ಹಾಗೇ ಬರೆಯುತ್ತಾರೆ. ಸಂಗೀತಗಾರರಿಂದ ಅಭಿಪ್ರಾಯ ಬರಲಿಲ್ಲ. ಅವರಿಗೆ ಪತ್ರ ಹೋಗಿರಲಿಲ್ಲ. ಫಲಾನುಭವಿಗಳನ್ನು ಕೇಳಿದರೆ ಪಕ್ಷಪಾತವಾಗುತ್ತದೆ.

ಕೊನೆಗೆ ಐದು ತಂತ್ರಾಂಶಗಳು ಕಣದಲ್ಲಿ ಉಳಿದವು. ನಮ್ಮ ಭಾಷೆಗೆ ಬರಹದ ರೂಪಗಳು ಎರಡು: ನಗರದವರದೊಂದು, ನಮ್ಮದೊಂದು. ಎರಡೂ ಸಮಾನ, ಮತ್ತು ನಗರದವರದನ್ನು ನಾವು ಸಹಿಸುವುದಿಲ್ಲ. ನಾಲ್ಕು ತಂತ್ರಾಂಶಗಳ ಗುಂಡಿಗಳ ಮೇಲೆ ನಗರದ ಬರಹವಿತ್ತು. ಐದನೆಯದರಲ್ಲಿ ನಮ್ಮದು. ಅದರ ಹೆಸರು ಕ್ಲಾರೋಸ್ಟ್. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಗಳ ಮೇಲೆ ಕೆಲಸ ಮಾಡುವವರು ದಡದ ಕಚೇರಿಯ ಜೊತೆ ಸಭೆ ನಡೆಸಲೆಂದು ಮಾಡಿದ್ದು. ಜನರೇಟರಿನ ಗುಡುಗು, ಗಾಳಿಯ ಸಿಳ್ಳೆ, ಕಡಲ ಹಕ್ಕಿಗಳ ಕಿರಿಚಾಟ ಎಲ್ಲವನ್ನೂ ಸೋಸಿ ಮನುಷ್ಯರ ಮಾತನ್ನು ಮಾತ್ರ ದಾಟಿಸುತ್ತದೆ.

ಖರೀದಿಗೆ ಮುಂಚೆ ಪರೀಕ್ಷೆ ಆಗಬೇಕು ಎಂದು ನಿಯಮವಿದೆ. ಅಸ್ಲೌಗ್ ತನ್ನ ಬಾಸ್ ತರುತ್ತೇನೆ ಎಂದಳು.

"ಬೇಡ ಮಾರಾಯ್ತಿ," ಎಂದ ಶೆಟಿಲ್. "ಪರೀಕ್ಷೆ ಎಲ್ಲರಿಗೂ ಸಮ ಇರ್ಬೇಕು. ನೀನು ಬಾಸ್ ತಂದ್ರೆ, ಬಾಸ್ ಕೇಳಿಸೋ ತಂತ್ರಾಂಶಕ್ಕೆ ಅನ್ಯಾಯವಾಗಿ ಲಾಭ ಆಗತ್ತೆ."

ಆದ್ದರಿಂದ ಕ್ಲಾರೋಸ್ಟ್‌ನಲ್ಲಿ ಒಂದು ಸಭೆ ನಡೆಸಿ ಪರೀಕ್ಷಿಸಿದೆವು. ಸಭೆಯ ವಿಷಯ ಕ್ಲಾರೋಸ್ಟ್. ಪ್ರತಿ ಪದ ಗಾಜಿನಂತೆ ಸ್ವಚ್ಛ. ಶೆಟಿಲ್ ಕೆಮ್ಮಿದ್ದು ಯಾರಿಗೂ ಕೇಳಿಸಲಿಲ್ಲ ಎಂಬುದನ್ನು ಗುಣಗಳ ಪೈಕಿ ಮೊದಲನೆಯದಾಗಿ ದಾಖಲಿಸಲಾಯಿತು.

ಕ್ರಿಸ್ಮಸ್ ಕಳೆದು ಪುರಸಭೆಯ ಸಂಗೀತ ಶಾಲೆಯ ಎಲ್ಲ ಪಾಠಗಳೂ ಕ್ಲಾರೋಸ್ಟ್‌ನಲ್ಲೇ ಶುರುವಾದವು. ಹೋಲ್ಮೆನ್‌ನಲ್ಲಿ ಸುನ್ನಿವಾ ಕಮಾನು ಎತ್ತಿ ತಂತಿಯ ಮೇಲಿಟ್ಟಳು. ಈಚೆ ದಡದಲ್ಲಿ ಅಸ್ಲೌಗ್‌ಗೆ ಕಮಾನು ಹೋಗುವುದು ಬರುವುದು ಕಾಣಿಸಿತು. ಸದ್ದಿಲ್ಲ. ಪರದೆಯ ಕೆಳಗೆ ನಮ್ಮದೇ ಬರಹದಲ್ಲಿ, ದೊಡ್ಡ ಅಕ್ಷರಗಳಲ್ಲಿ ಮೂಡಿತು: *ನಿಮ್ಮ ಬಳಿ ಯಂತ್ರವೊಂದು ಓಡುತ್ತಿದೆ. ಯಂತ್ರದ ಸದ್ದು ನಿವಾರಿಸಲಾಗಿದೆ.*

"ಅದು ನಾನು," ಎಂದಳು ಸುನ್ನಿವಾ. ಇದು ಸ್ವಚ್ಛವಾಗಿ ಕೇಳಿಸಿತು.

ಬೇರೆ ವಾದ್ಯಗಳ ಗತಿಯೂ ವ್ಯವಸ್ಥಿತವಾಗಿತ್ತು. ಕೊಳಲು ಗಾಳಿಯೆಂದು, ಪಿಟೀಲು ಹಕ್ಕಿಯೆಂದು ಹೋದವು. ಅಕಾರ್ಡಿಯನ್ ಮಾತ್ರ ದಾಟಿತು, ಆದರೆ ಅನಿಲ ಸೋರಿಕೆಯ ಎಚ್ಚರಿಕೆಯಾಗಿ. ಸೂಚನೆಯಂತೆ ಇಬ್ಬರು ಶಿಕ್ಷಕರು ಜೀವರಕ್ಷಕ ದೋಣಿ ಹುಡುಕಿಕೊಂಡು ಹೊರಗೆ ಹೋದರು. ಮೇಳಗಾಯನದಲ್ಲಿ ಹೆಚ್ಚು ಜೋರಾಗಿ ಹಾಡುವವಳ ದನಿಯನ್ನಷ್ಟೇ ಕ್ಲಾರೋಸ್ಟ್ ಉಳಿಸಿಕೊಂಡಿತು. ಮೇಳದವರು ಹೊಸದೇನೂ ಕಾಣಲಿಲ್ಲ ಎಂದರು.

ಅಸ್ಲೌಗ್ ಒಡ್‌ವಾರ್‌ನ ಬಳಿ ಹೋದಳು. ಅವನು ಕಂಪನಿಗೆ ಫೋನು ಮಾಡಿದ. ಕಂಪನಿಯವರಿಗೆ ಸಂತೋಷವಾಯಿತಂತೆ: ಇಷ್ಟು ತಗ್ಗು ದನಿಯ ಜನರೇಟರನ್ನು ಇಷ್ಟು ಚೊಕ್ಕವಾಗಿ ಈ ಮೊದಲು ಅಳಿಸಿರಲಿಲ್ಲವಂತೆ.

"ಸೋಸೋದನ್ನ ನಿಲ್ಸೋಕೆ ಗುಂಡಿ ಇಲ್ವಾ?"

"ಇದೆ," ಎಂದ ಒಡ್‌ವಾರ್. "ಅದೊಂದು ಗುಂಡಿ ಇನ್ನೂ ನಗರದ ಬರಹದಲ್ಲೇ ಇದೆ. ಹಾಗಾಗಿ ನಮಗೆ ಕೊಟ್ಟಿಲ್ಲ. ಕಾನೂನು."

"ನಾನು ಓದ್ಕೋತೀನಿ ಕಣೋ. ನಂಗೆ ಬರತ್ತೆ."

"ಬರತ್ತೆ ಅಂತ ಹೊರಗೆಲ್ಲೂ ಹೇಳ್ಬೇಡ," ಎಂದ ಒಡ್‌ವಾರ್, ತಗ್ಗಿದ ದನಿಯಲ್ಲಿ. ಗುಂಡಿಯ ಅನುವಾದ ಸರದಿಯಲ್ಲಿದೆ, 'ಮನುಷ್ಯ ನೀರಿಗೆ ಬಿದ್ದಿದ್ದಾನೆ' ಎಂಬ ಗುಂಡಿಯ ನಂತರ ಬರುತ್ತದೆ ಎಂದೂ ತಿಳಿಸಿದ.

ಸಮಿತಿ ಮತ್ತೆ ಸೇರಿತು. ತಂತ್ರಾಂಶ ಬದಲಿಸುವ ಮಾತು ಬರಲಿಲ್ಲ. ಮತ್ತೆ ಮೀನುಗಾರರ ಅಭಿಪ್ರಾಯ ಕೇಳಬೇಕಾಗುತ್ತಿತ್ತು. ತಂತ್ರಾಂಶ ಮಾತನ್ನು ದಾಟಿಸುತ್ತದೆ, ಸಂಗೀತವನ್ನಲ್ಲ ಎಂಬುದು ಸ್ಪಷ್ಟವಾದ ಮೇಲೆ, ಸರಿಪಡಿಸಬೇಕಾದದ್ದು ಸಂಗೀತವನ್ನು ಎಂಬುದೂ ಸ್ಪಷ್ಟವಾಯಿತು. ಮರುದಿನ ಸೂಚನೆ ಹೊರಟಿತು:

*ವಿದ್ಯಾರ್ಥಿಯು ಪಾಠದ ಅವಧಿಯಲ್ಲಿ ನುಡಿಸತಕ್ಕದ್ದು. ನುಡಿಸಿದ್ದನ್ನು ತತ್‌ಕ್ಷಣ ಶಿಕ್ಷಕರಿಗೆ ಮೌಖಿಕವಾಗಿ ವರದಿ ಮಾಡತಕ್ಕದ್ದು. ವರದಿಯು ಸತ್ಯವೆಂದು ಭಾವಿಸತಕ್ಕದ್ದು. ಮೌಲ್ಯಮಾಪನವು ವರದಿಯನ್ನು ಆಧರಿಸಿರುತ್ತದೆ.*

ಮುಂದಿನ ಪಾಠದಲ್ಲಿ ಸುನ್ನಿವಾ ನುಡಿಸಿ ಹೇಳಿದಳು:

"ಜಿ ಸ್ವರ. ಉದ್ದ. ಆಮೇಲೆ ಡಿ. ಕಮಾನು ಸ್ವಲ್ಪ ತಡವರಿಸ್ತು."

"ಶ್ರುತಿ?"

"ಕೆಳಗೆ ಹೋಯ್ತು."

"ಎಷ್ಟು?"

"ಸ್ವಲ್ಪ. ನಾನು ಹೇಳದಿದ್ರೆ ನಿಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

ಸುನ್ನಿವಾ ಸ್ವಲ್ಪ ಹೊತ್ತು ಯೋಚಿಸಿದಳು. "ಆದ್ರೂ ಕೆಳಗೆ ಹೋಯ್ತು," ಎಂದಳು.

ಉಳಿದವರು ಅಷ್ಟು ಯೋಚಿಸಲಿಲ್ಲ. ಒಂದು ತಿಂಗಳಲ್ಲಿ ಶಾಲೆಯ ಫಲಿತಾಂಶ ಎಲ್ಲಿಗೋ ಏರಿತು. ಟ್ರಾಂಬೋನ್ ಹುಡುಗನೊಬ್ಬ ವರ್ಷಗಳ ಪಠ್ಯವನ್ನು ಒಂದೇ ವಾರದಲ್ಲಿ ವರದಿ ಮಾಡಿ ಮುಗಿಸಿದ. ಅವನ ಟ್ರಾಂಬೋನ್ ರಿಪೇರಿಗೆ ಹೋಗಿತ್ತು. ಕೊಳಲಿನವರು ಎರಡು ಕೈ ಸಾಲದಂಥ ಕೃತಿಗಳನ್ನು ಹೇಳತೊಡಗಿದರು. ನೆರೆಹೊರೆಯಿಂದ ಗದ್ದಲದ ದೂರುಗಳು ನಿಂತವು. ಜಿಲ್ಲಾಡಳಿತ ನಮಗೆ ಬಹುಮಾನ ಕೊಟ್ಟು, ಇಡೀ ಜಿಲ್ಲೆಗೆ ಕ್ಲಾರೋಸ್ಟನ್ನೂ ವರದಿಯ ಪದ್ಧತಿಯನ್ನೂ ವಿಸ್ತರಿಸಿತು. ಸಮಾರಂಭದಲ್ಲಿ ಒಣಗಿಸಿದ ಕುರಿಮಾಂಸ ಚೆನ್ನಾಗಿತ್ತು.

ಈ ಸಾಧನೆಗೆ ಇದ್ದ ಒಂದೇ ಕಪ್ಪುಚುಕ್ಕೆ ಹೋಲ್ಮೆನ್‌ನಲ್ಲಿತ್ತು. ಶಾಲೆಯಲ್ಲಿ ಅಪಸ್ವರ ವರದಿ ಮಾಡುತ್ತಿದ್ದವಳು ಸುನ್ನಿವಾ ಒಬ್ಬಳೇ. ಶೆಟಿಲ್ ದಯಾಳು, ಅವಳಿಗೆ ವಿಶೇಷ ಮಾರ್ಗದರ್ಶನ ಕೊಡಲು ತಾನೇ ಕರೆ ಮಾಡಿದ. ಪಕ್ಕದಲ್ಲಿ ನಾನಿದ್ದೆ.

"ನೋಡು ಸುನ್ನಿವಾ, ಬೈಯೋಕೆ ಅಲ್ಲ. ಎಲ್ಲರೂ ತಪ್ಪಿಲ್ಲದೆ ಮಾಡ್ತಿದಾರೆ, ನಿಂದು ಮಾತ್ರ ಯಾಕೆ ಹೀಗೆ?"

"ನಾನು ಮೊದಲು ನುಡಿಸ್ತೀನಿ. ಆಮೇಲೆ ಹೇಳ್ತೀನಿ."

ಶೆಟಿಲ್‌ಗೆ ಸಮಸ್ಯೆ ಸಿಕ್ಕಿತು. "ಅದಕ್ಕೇ. ತಪ್ಪುಗಳೆಲ್ಲ ಅಲ್ಲಿಂದಲೇ ಬರ್ತಿವೆ."

ಈಸ್ಟರ್ ಹಿಂದಿನ ವಾರ ಗಾಳಿ ನಿಂತಿತು. ಬಾಸಿಗೆ ಜಾಕೆಟ್ ತೊಡಿಸಿ ಸುನ್ನಿವಾ ನಗರಕ್ಕೆ ಹೊರಟಳು, ಜೊತೆಗೆ ಅಸ್ಲೌಗ್. ಕಾಲೇಜಿನ ಪರೀಕ್ಷಾ ಕೋಣೆಯಲ್ಲಿ ಒಂದು ಕುರ್ಚಿಯೂ ಒಂದು ಲ್ಯಾಪ್‌ಟಾಪೂ ಇದ್ದವು. ತೀರ್ಪುಗಾರರು ರಜೆಗೆಂದು ಬೆಟ್ಟದ ಮೇಲಿನ ತಮ್ಮ ತಮ್ಮ ಮರದ ಮನೆಗಳಿಗೆ ಹೋಗಿದ್ದರು. ಕ್ಲಾರೋಸ್ಟ್‌ನಲ್ಲಿ ಕಾಣಿಸುತ್ತಿದ್ದರು, ಒಬ್ಬರು ಕಿತ್ತಳೆ ಬಿಡಿಸುತ್ತ.

ಬಾಗಿಲಲ್ಲಿ ಅಸ್ಲೌಗ್ ಸುನ್ನಿವಾಳ ತೋಳು ಹಿಡಿದಳಂತೆ. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

"ಹೇಗೆ ಬೇಕಾದ್ರೂ ನುಡಿಸು. ಆದ್ರೆ ಒಂದೇ ಒಂದು ತಪ್ಪು ಹೇಳಬೇಡ. ಎಲ್ಲರೂ ಪೂರ್ತಿ ಅಂಕ ತಗೊಂಡು ಹೋಗಿದಾರೆ ಕಣೇ."

ಸುನ್ನಿವಾ ಒಳಗೆ ಹೋಗಿ ನುಡಿಸಿದಳು. ಪರದೆಯ ಕೆಳಗೆ ಯಂತ್ರದ ಮಾತು ಮೂಡಿತು. ಬಾಗಿಲ ಹೊರಗೆ ಅಸ್ಲೌಗ್ ತನ್ನ ಶಿಷ್ಯೆಯ ಬಾಸನ್ನು ಎಷ್ಟೋ ತಿಂಗಳ ಮೇಲೆ ಕೇಳಿದಳು. ಹೇಗಿತ್ತು ಎಂದು ನಾನು ಕೇಳಿದಾಗ, ನೆಲ ಸ್ವಲ್ಪ ಬೆಚ್ಚಗಾದ ಹಾಗಿತ್ತು ಎಂದಳು. ಇದಕ್ಕೆ ಅಂಕ ಕೊಡುವ ವ್ಯವಸ್ಥೆ ಇಲ್ಲ.

ಕಮಾನು ಕೆಳಗಿಳಿದ ಮೇಲೆ ತೀರ್ಪುಗಾರರು ವರದಿ ಕೇಳಿದರು.

"ಚೆನ್ನಾಗಿ ಬಂತು," ಎಂದಳು ಸುನ್ನಿವಾ. ಆಮೇಲೆ, ಬಾಗಿಲ ಕಡೆ ನೋಡದೆ: "ಕೊನೇ ಸಾಲಲ್ಲಿ ಒಂದು ಸ್ವರ ಕೆಳಗೆ ಹೋಯ್ತು."

ಕಿತ್ತಳೆ ಬಿಡಿಸುತ್ತಿದ್ದವರ ಕೈ ನಿಂತಿತು. ಅವಳು ಹೇಳಿದ್ದನ್ನು ಅವರು ಇನ್ನೊಮ್ಮೆ ಹೇಳಿಸಿ ಖಚಿತಪಡಿಸಿಕೊಂಡರು. ಅವಳಿಗೆ ಒಂದು ಅಂಕ ಕಡಿತವಾಯಿತು, ಪಟ್ಟಿಯಲ್ಲಿ ಕೊನೆಯ ಸ್ಥಾನ ಸಿಕ್ಕಿತು. ಬೋಟಿನಲ್ಲಿ ವಾಪಸು ಬರುವಾಗ ಬಾಸ್ ಅವರಿಬ್ಬರ ನಡುವಿನ ಸೀಟಿನಲ್ಲಿ ಕೂತಿತ್ತು.

ಆದರೆ ನಮ್ಮ ನಿಯಮಗಳು ಯಾರ ಕೈಯನ್ನೂ ಬಿಡುವುದಿಲ್ಲ. ಉಳಿದ ಅಭ್ಯರ್ಥಿಗಳೆಲ್ಲ ಪೂರ್ತಿ ಅಂಕ ಪಡೆದು ಮೊದಲ ಸ್ಥಾನದಲ್ಲಿದ್ದರು. ಅವರಲ್ಲಿ ಯಾರನ್ನು ಆರಿಸಿದರೂ ಬೇರೆಯವರಿಗೆ ಮೇಲ್ಮನವಿಯ ಹಕ್ಕು ಹುಟ್ಟುತ್ತದೆ, ಹುಟ್ಟಿತು, ಎಲ್ಲರೂ ಸಲ್ಲಿಸಿದರು. ಮೇಲ್ಮನವಿ ಇತ್ಯರ್ಥವಾಗುವವರೆಗೆ, ಸ್ಥಾನ ವಿವಾದದಲ್ಲಿರುವ ಯಾರಿಗೂ ಪ್ರವೇಶ ಕೊಡುವಂತಿಲ್ಲ. ಸ್ಥಾನ ನಿರ್ವಿವಾದವಾಗಿದ್ದದ್ದು ಒಬ್ಬಳದು. ಅವಳು ಕೊನೆಯವಳು ಎಂಬುದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಹೀಗೆ ಆಗಸ್ಟಿನಲ್ಲಿ ಸುನ್ನಿವಾ ಸಂಗೀತ ಕಾಲೇಜಿಗೆ ಸೇರಿದಳು. ಆ ವರ್ಷದ ತರಗತಿಯೆಂದರೆ ಅವಳೇ. ಕಾಲೇಜು ಇದನ್ನು ಶಿಕ್ಷಕ ಮತ್ತು ವಿದ್ಯಾರ್ಥಿಯ ಅನುಪಾತದಲ್ಲಿ ದೇಶಕ್ಕೇ ಮೊದಲನೆಯದು ಎಂದು ಪ್ರಕಟಿಸಿತು. ಮುಂದಿನ ವರ್ಷದ ಅಭ್ಯರ್ಥಿಗಳು ತಲಾ ಒಂದು ತಪ್ಪನ್ನು ವರದಿ ಮಾಡಲು ಈಗಲೇ ಅಭ್ಯಾಸ ನಡೆಸಿದ್ದಾರೆ, ಎಲ್ಲರೂ ಕೊನೆಯ ಸಾಲಿನಲ್ಲಿ.

ಡಿಸೆಂಬರಿನಲ್ಲಿ ಕಾಲೇಜಿನ ಮೊದಲ ವರ್ಷದವರ ವಾದ್ಯವೃಂದ ನಮ್ಮೂರಿಗೆ ಬಂತು, ಅಂದರೆ ಸುನ್ನಿವಾ ಬಂದಳು. ಸಂಸ್ಕೃತಿ ಭವನ ತುಂಬಿತ್ತು. ಮನೆಯಲ್ಲಿದ್ದವರಿಗಾಗಿ ಕ್ಲಾರೋಸ್ಟ್ ಹಾಕಿ, ಅದರ ಪರದೆಯನ್ನು ವೇದಿಕೆಯ ಹಿಂದೆ ತೂಗುಹಾಕಿದ್ದರು. ಶೆಟಿಲ್ ಸ್ವಾಗತ ಹೇಳಿ ಮುಂದಿನ ಸಾಲಿಗೆ ಬಂದು ಕೂತ.

ಅವಳು ನುಡಿಸತೊಡಗಿದಳು. ಕೃತಿಯ ಎರಡನೇ ಸಾಲಿನ ಹೊತ್ತಿಗೆ ಭವನದ ಮೇಲ್ವಿಚಾರಕ ಸ್ಟೈನಾರ್ ಬಾಗಿಲು ತೆರೆದು ಬಂದ, ಗೋಡೆಯ ಹತ್ತಿರ ಹೋಗಿ ಫ್ಯಾನ್ ಆರಿಸಿದ. ಸದ್ದು ನಿಲ್ಲಲಿಲ್ಲ. ಅವನು ಬಿಸಿನೀರಿನ ಪಂಪನ್ನೂ ಆರಿಸಿದ. ಆಮೇಲೆ ಅಲ್ಲೇ ಗೋಡೆಗೆ ಒರಗಿ ನಿಂತುಕೊಂಡ. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನೋಡಿಕೊಳ್ಳುವುದನ್ನು ಬಿಟ್ಟರು. ಪರದೆಯ ಮೇಲೆ ನಮ್ಮದೇ ಬರಹದಲ್ಲಿ ಯಂತ್ರದ ಸದ್ದು ನಿವಾರಣೆಯಾಗುತ್ತಲೇ ಇತ್ತು.

ಮುಗಿಯಿತು. ಯಾರೂ ಅಲ್ಲಾಡಲಿಲ್ಲ, ವರದಿ ಬಾಕಿಯಿತ್ತು.

"ಎಲ್ಲಾ ಸರಿ ಇತ್ತು," ಎಂದಳು ಸುನ್ನಿವಾ ಮೈಕಿನಲ್ಲಿ. "ಈ ಸಲ ನಿಜವಾಗ್ಲೂ."

ಅಸ್ಲೌಗ್ ಹಳೆಯ ಅಭ್ಯಾಸದಿಂದ ಎರಡು ಸಲ ಕೈ ತಟ್ಟಿದಳು. ಶೆಟಿಲ್ ತಿರುಗಿ, ಬೇಸರವಿಲ್ಲದೆ, ಪರದೆಯ ಕಡೆ ತೋರಿಸಿದ: ಕೈ ತಟ್ಟಿದ್ದು ಮಳೆಯೆಂದು ನಿವಾರಣೆಯಾಗಿತ್ತು. ಅವಳು ಕೈಗಳನ್ನು ಕೆಳಗಿಳಿಸಿ ನಮ್ಮೆಲ್ಲರ ಜೊತೆ ಎದ್ದು ನಿಂತಳು. ವೇದಿಕೆಯ ಮೇಲೆ ಸುನ್ನಿವಾ ತಲೆಬಾಗಿದಳು.

"ಚಪ್ಪಾಳೆ," ಎಂದೆವು ನಾವು, ಒಬ್ಬೊಬ್ಬರಾಗಿ, ಸ್ಪಷ್ಟವಾಗಿ, ಸಾಲಿನಿಂದ ಸಾಲಿಗೆ. "ಚಪ್ಪಾಳೆ. ಚಪ್ಪಾಳೆ."