ನಮ್ಮ ಹಿತ್ತಲಿನ ತೊಳೆದ ಉಸುಕು

ಹಳಿಯಾಳದಲ್ಲಿ ನನ್ನ ತವರುಮನೆಯ ಹೆಸರು ಹೇಳಿದರೆ ಇವತ್ತಿಗೂ ಬಜಾರಿನಲ್ಲಿ ಕುರ್ಚಿ ಹಾಕಿ ಕೂಡಿಸುತ್ತಾರೆ. ಅಜ್ಜನದು ಅಕ್ಕಿ ವ್ಯಾಪಾರ. ಅವರ ಅಂಗಡಿಯ ಅಕ್ಕಿಯಲ್ಲಿ ಕಲ್ಲು ಸಿಕ್ಕಿತೆಂದು ತಿರುಗಿ ಬಂದವರು ಒಬ್ಬರೂ ಇಲ್ಲ. ತಂದೆಯವರು ಲಿಂಗಪೂಜೆ ಮುಗಿಯದೆ ಚಹಾದ ಕಪ್ಪು ಮುಟ್ಟಿದವರಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರುಗಳು ಮೊದಲು ನಮ್ಮ ಉಗುರು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೂ ನನ್ನ ಬಾಗಿಲಲ್ಲಿ ಒಂದು ಚಪ್ಪಲಿ ಸೊಟ್ಟ ಬಿದ್ದದ್ದನ್ನು ಯಾರೂ ಕಂಡಿಲ್ಲ. ಇಂಥ ಮನೆಯಲ್ಲಿ ಇಂಥ ಸಂಗತಿಗಳು ನಡೆಯುತ್ತವೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಆದರೂ ನಡೆಯುತ್ತಲೇ ಇವೆ. ಎಲ್ಲಕ್ಕೂ ಕಾರಣ ಒಂದು ಉಸುಕಿನ ತೊಟ್ಟಿ.

ಮೊಮ್ಮಗಳಿಗೆ ನಾಲ್ಕು ವರ್ಷ. ಅವಳ ಕೈಯಿಂದ ಮೊಬೈಲ್ ಬಿಡಿಸಲೆಂದು ಮಗ ಹಿತ್ತಲಲ್ಲಿ ಮೊಣಕಾಲೆತ್ತರದ ಇಟ್ಟಿಗೆಯ ತೊಟ್ಟಿ ಕಟ್ಟಿಸಿ, ಅರ್ಧದಷ್ಟು ಉಸುಕು ತುಂಬಿಸಿದ. ಅಂದಿನಿಂದ ಮಗು ಊಟಕ್ಕೂ ಏಳಲೊಲ್ಲಳು. ಸೊಸೆ ಮಾತ್ರ ಮೊದಲ ದಿನವೇ ಹೇಳಿಬಿಟ್ಟಳು: ಉಸುಕಿನಲ್ಲಿ ಬೆಕ್ಕಿನ ಹೊಲಸು ಬಿದ್ದರೆ ಮಗುವಿನ ಹೊಟ್ಟೆಗೆ ಹುಳ ಹೋಗುತ್ತವೆ, ಸ್ವಚ್ಛ ಇಡಲು ಆಗದಿದ್ದರೆ ತೊಟ್ಟಿಗೆ ಮಣ್ಣು ತುಂಬಿ ಕರಿಬೇವು ಹಚ್ಚೋಣ. ಸ್ವಚ್ಛ ಇಡಲು ಆಗದಿದ್ದರೆ! ನನ್ನ ಮನೆಯಲ್ಲಿ! ಜವಾಬ್ದಾರಿ ನನ್ನದು ಎಂದೆ.

೧. ಗೌಂಡಿಯ ಅಭಿಪ್ರಾಯ

ತುಂಬಿಸಿ ಉಳಿದ ಉಸುಕು ಗೇಟಿನ ಮುಂದೆ ಎರಡು ದಿನ ಬಿದ್ದಿತ್ತು. ನಮ್ಮ ಕಡೆ ಮನೆ ಮುಂದೆ ಉಸುಕು ಕಂಡರೆ ಸಾಕು, ಒಳಗೆ ಏನೋ ಕಟ್ಟುತ್ತಿದ್ದಾರೆ ಎಂದೇ ಅರ್ಥ. ಓಣಿಯವರೆಲ್ಲ ಮೇಲೆ ಮಾಳಿಗೆ ಎಬ್ಬಿಸುತ್ತೀರಾ ಎಂದು ಕೇಳಿ ಹೋದರು. ಮೂರನೆಯ ದಿನ, ಕರೆಯದೇ ಒಬ್ಬ ಗೌಂಡಿ ಟೇಪು ಹಿಡಿದು ಬಂದು ಹಿತ್ತಲು ಅಳೆಯತೊಡಗಿದ. ಆಗ ನಾನು ತೊಟ್ಟಿಯ ಉಸುಕನ್ನು ಬುಟ್ಟಿಯಲ್ಲಿ ಹಾಕಿ ನಾಲ್ಕನೆಯ ನೀರಿನಲ್ಲಿ ತೊಳೆಯುತ್ತಿದ್ದೆ. ಮಗು ಆಡುವುದಕ್ಕೆ ಎಂದು ತಿಳಿಸಿದೆ. ಅವನು ಟೇಪು ಮಡಚಿ, ಬುಟ್ಟಿಯನ್ನೂ ನನ್ನನ್ನೂ ನೋಡಿದ.

"ಬಾಯಾರ, ನಲವತ್ತು ವರ್ಷಾತು ಈ ಕೆಲಸಕ್ಕ. ತೊಳದ ಉಸುಕಿನ್ಯಾಗ ನಾ ಒಂದು ಗುಡೀನೂ ಕಟ್ಟಿಲ್ಲರಿ" ಎಂದ.

೨. ಮುಚ್ಚಳ

ಓಣಿಯಲ್ಲಿ ಒಂದು ಹಳದಿ ಬೆಕ್ಕಿದೆ. ಯಾರದೆಂದು ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಅದು ದಿನಾ ಬೆಳಿಗ್ಗೆ ತೊಟ್ಟಿಗೆ ಬಂದು ತನ್ನ ಕೆಲಸ ಮುಗಿಸಿ ಹೋಗುತ್ತಿತ್ತು. ಬೆಕ್ಕಿನ ಕೂದಲು ಸಹ ತೂರದಂಥ ಮುಚ್ಚಳ ಬೇಕೆಂದು, ಜೀಪು ರಿಪೇರಿ ಮಾಡುವ ನಮ್ಮ ಓಣಿಯ ಸಾಬರಿಗೆ ಹೇಳಿದೆ. ಅವರು ಹಳೆಯ ಜೀಪಿನ ತಗಡು ಬಡಿದು, ಗಾಳಿಯಾಡಲು ತೂತು ಕೊರೆದು, ನಾಲ್ಕೂ ಕಡೆ ಚಿಲಕ ಇಟ್ಟು, ಬೆಳಿಗ್ಗೆಯೇ ತಂದು ಕೂಡಿಸಿ ಹೋದರು. ನಾನು ಸಮಾಧಾನದಿಂದ ಮದುವೆಯೊಂದಕ್ಕೆ ಹೋದೆ.

ಸಂಜೆ ಬಂದರೆ ಮುಚ್ಚಳದ ಕೆಳಗಿನಿಂದ ಕೂಗು. ಸಾಬರನ್ನೇ ಕರೆಸಿ ಚಿಲಕ ತೆಗೆಸಿದೆ. ಹಳದಿ ಬೆಕ್ಕು ಬಾಣದಂತೆ ಹಾರಿ ಗೋಡೆ ದಾಟಿತು. ಮೂಲೆಯಲ್ಲಿ ಮಲಗಿದ್ದನ್ನು ನೋಡದೆಯೇ ಮುಚ್ಚಿದ್ದರು. ತಿಂಗಳಿಡೀ ಆಗದ ಹೊಲಸು ಆ ಒಂದು ದಿನದಲ್ಲಿ ಆಗಿತ್ತು. ನಾನು ಮೂಗಿಗೆ ಸೆರಗು ಹಿಡಿದೆ. ಸಾಬರು ಮಾತ್ರ ತಗಡಿನ ಮೇಲೆ ಪ್ರೀತಿಯಿಂದ ಕೈಯಾಡಿಸಿದರು.

"ಮುಚ್ಚಳ ಬರೋಬರಿ ಐತಿ ಅಂತ ಖಾತ್ರಿ ಆತಲ್ಲ, ಅಮ್ಮಾ. ಇಡೀ ದಿನ ಒದ್ದ್ಯಾಡಿದ್ರೂ ಅದಕ್ಕ ಹೊರಗ ಬರಾಕ ಆಗಿಲ್ಲ ನೋಡ್ರಿ."

೩. ಇಂಗ್ಲೀಷಿನ ಸಾಣಿಗೆ

ಉಸುಕು ಸೋಸಲು ಪ್ರತ್ಯೇಕ ಸಾಣಿಗೆ ತಂದಿದ್ದೆ. ಅಡುಗೆಮನೆಯದರೊಂದಿಗೆ ಬೆರೆಯಬಾರದೆಂದು ಅದರ ಅಂಚಿಗೆ, ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಇಂಗ್ಲೀಷಿನಲ್ಲೇ 'ಸ್ಯಾಂಡ್' ಎಂದು ಬರೆದು ಅಂಟಿಸಿದೆ. ಆ ವಾರ ಚಿಗಳ್ಳಿಯಿಂದ ಹಿರಿಯ ನಾದಿನಿ ಬಂದರು. ಹೋಳಿಗೆಯಲ್ಲಿ ಅವರ ಕೈ ಹಿಡಿಯುವವರಿಲ್ಲ. ಅಂದು ಮಾತ್ರ ಮೊದಲ ತುತ್ತಿಗೇ ಎಲ್ಲರ ಬಾಯಲ್ಲೂ ಕರಕರ: ಹಿಟ್ಟು ಸೋಸಿದ್ದು ಉಸುಕಿನ ಸಾಣಿಗೆಯಲ್ಲಿ. ಕಲ್ಲಿಲ್ಲದ ಅಕ್ಕಿ ಮಾರಿದವರ ಮೊಮ್ಮಗಳ ಮನೆಯಲ್ಲಿ!

ಇಷ್ಟು ದೊಡ್ಡದಾಗಿ ಬರೆದದ್ದು ಕಾಣಲಿಲ್ಲವೇ ಎಂದು ಕೇಳಿದೆ. ನಾದಿನಿ ಕನ್ನಡ ಸಾಲಿ ಓದಿದವರು.

"ಕಂಡಿತವಾ. ಇಂಗ್ಲೀಷಿನ್ಯಾಗ ಬರದೀದಿ, ಇದ ಚಲೋ ಸಾಣಿಗಿ ಇರಬೇಕಂತ ತಿಳಕೊಂಡೆ."

೪. ಶೇಂಗಾ

ಮಳೆ ಹಿಡಿದ ಮೇಲೆ ಕಷ್ಟ ಶುರುವಾಯಿತು. ತೊಳೆದ ಉಸುಕು ಒಣಗಲೊಲ್ಲದು. ಮುಚ್ಚಳ ತೆಗೆದಿಟ್ಟ ಅರ್ಧ ತಾಸಿನಲ್ಲಿ ಬೆಕ್ಕು ಹಾಜರು. ಸೊಸೆ ಕರಿಬೇವಿನ ಸಸಿ ತಂದು ಹಿತ್ತಲ ಬಾಗಿಲಲ್ಲಿ ಇಟ್ಟೇಬಿಟ್ಟಳು. ಸೋಮವಾರ ತೊಟ್ಟಿ ಮುಚ್ಚುವುದೆಂದು ಗೊತ್ತಾದಾಗಿನಿಂದ ಮೊಮ್ಮಗಳು ಆ ಸಸಿಯ ಜೊತೆ ಮಾತು ಬಿಟ್ಟಿದ್ದಳು.

ಅದರ ಹಿಂದಿನ ಶನಿವಾರ ಮಹಿಳಾ ಮಂಡಳದ ಸಭೆ, ಹಿತ್ತಲಿಗೆ ಹಿತ್ತಲು ಹತ್ತಿದ ಮನೆಯಲ್ಲಿ. ಆ ಮನೆಯಾಕೆಯ ತವರು ಕೋಗಿಲಬನ. ಕೆಲಸಕ್ಕೆ ಗಟ್ಟಿ, ಶಿಸ್ತಿಗೆ ಅಷ್ಟಕ್ಕಷ್ಟೆ. ಬಿಸಿ ಶೇಂಗಾ ತಂದಿಟ್ಟಳು. ಒಂದೂ ಸೀದಿಲ್ಲ, ಒಂದೂ ಹಸಿ ಇಲ್ಲ. ನಾನು ಸುಮ್ಮನೆ ಹೊಗಳುವವಳಲ್ಲ. ಆದರೂ ಹದಿನಾಲ್ಕು ಜನರ ಎದುರು, ಹುರಿದರೆ ಹೀಗೆ ಹುರಿಯಬೇಕು ಎಂದು ಹೇಳಿ ಇನ್ನೊಂದು ಮುಷ್ಟಿ ತೆಗೆದುಕೊಂಡೆ.

"ಎಲ್ಲಾ ನಿಮ್ಮ ಉಸುಕಿನ ಗುಣರಿ, ಅಕ್ಕಾರ" ಎಂದಳು.

ಯಾವ ಉಸುಕು ಎಂದೆ.

"ನಿಮ್ಮ ಮೊಮ್ಮಗಳದು. ಹೊಳಿ ತುಂಬೇತಿ, ಹುರಿಯಾಕ ಉಸುಕು ಎಲ್ಲಿ ಸಿಗಬೇಕು? ಹ್ವಾದ ಸಭಾದಾಗ ನೀವ ಭಾಷಣ ಮಾಡಿದ್ರೆಲ್ಲಾ, ನಮ್ಮ ಉಸುಕು ಈ ಓಣ್ಯಾಗಿನ ಅಡಗಿಮನಿಗಿಂತ ಸ್ವಚ್ಛ ಐತಿ ಅಂತ. ಮುಂಜಾನೆ ಎರಡು ಬಕೀಟು ತಂದೆ."

ಯಾವ ಮೂಲೆಯಿಂದ ಎಂದು ಕೇಳಿದೆ. ಆಕೆ ಹೇಳಿದ ಮೂಲೆಯಿಂದಲೇ ಹಿಂದಿನ ದಿನ ನಾನು ಬೆಕ್ಕಿನದನ್ನು ಎತ್ತಿ ಚೆಲ್ಲಿದ್ದೆ. ಹದಿನಾಲ್ಕು ಬಾಯಿಗಳು ಜಗಿಯುತ್ತಿದ್ದವು. ಹೇಳಿದರೆ ನನ್ನ ಮನೆಯ ಮಾನ ಹೋಗುತ್ತದೆ, ಹೇಳದಿದ್ದರೆ ಮುಷ್ಟಿಯಲ್ಲಿದ್ದ ಶೇಂಗಾ ತಿನ್ನಬೇಕು. ತಿಂದೆ.

ಮನೆಗೆ ಬಂದು ಸೊಸೆಗೆ ಒಬ್ಬಳಿಗೇ ಹೇಳಿದೆ. ಅವಳು ನಗು ನಿಲ್ಲಿಸುವಷ್ಟರಲ್ಲಿ ಶೇಂಗಾ ಹುರಿದಾಕೆಯೇ ಎರಡು ಬಕೀಟು ಉಸುಕು ವಾಪಸು ತಂದಳು. ಸೊಸೆ ಬಗ್ಗಿ ನೋಡಿದಳು. ಇನ್ನೂ ಬೆಚ್ಚಗಿತ್ತು, ಪುಡಿಪುಡಿಯಾಗಿ ಒಣಗಿತ್ತು.

"ಅತ್ತಿ, ಇಷ್ಟು ಕಾಸಿದ ಮ್ಯಾಲೆ ಯಾವ ಹುಳ ಉಳೀತೈತಿ? ವಾರಕ್ಕೊಮ್ಮೆ ಇವರ ಕಡೆನ ಕೊಡೂಣು. ತೊಟ್ಟಿ ಇರಲಿ."

ನಾಲ್ಕು ತಿಂಗಳು ಏಳು ನೀರಿನಲ್ಲಿ ತೊಳೆದವಳು ನಾನು. ಸೊಸೆಗೆ ನಂಬಿಕೆ ಹುಟ್ಟಿದ್ದು ಆಕೆಯ ಕಡಾಯಿಯ ಮೇಲೆ.

ಈಗ ಪ್ರತಿ ಶನಿವಾರ ನಮ್ಮ ಉಸುಕು ಗೋಡೆಯಾಚೆ ಹೋಗಿ, ಹುರಿಸಿಕೊಂಡು, ಆರಿ ಬರುತ್ತದೆ. ಕರಿಬೇವು ಬೇರೆ ಕಡೆ ಹತ್ತಿದೆ. ಮೊಮ್ಮಗಳು ಶೇಂಗಾದ ವಾಸನೆಯ ಉಸುಕಿನಲ್ಲಿ ಮನೆ ಕಟ್ಟುತ್ತಾಳೆ. ಇದೆಲ್ಲ ಸರಿ. ಆದರೆ ಕೇಳದೆ ಒಯ್ದದ್ದು ಒಯ್ದದ್ದೇ. ಬರುವ ಸಭೆಯಲ್ಲಿ ಶೇಂಗಾ ಇಡುವುದು ಬಿಡುವುದು ಆಕೆಗೆ ಬಿಟ್ಟದ್ದು. ಅದೇ ಹದಿನಾಲ್ಕು ಜನರ ಎದುರು ಆಕೆ ನನ್ನ ಕ್ಷಮೆ ಕೇಳಬೇಕು.