ಒಂದು ಕಣ್ಣು ಮುಚ್ಚಿ ಮಾಡಿದ ಫೋಟೋ

ಆಳಂದದ ಬಸ್ ನಿಲ್ದಾಣದ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ. ಮಂದಿ ಗುಟ್ಟು ಹೊತ್ತು ಬರುತ್ತಾರೆ, ನಗು ಬಿಟ್ಟು ಹೋಗುತ್ತಾರೆ. ವಯಸ್ಸಾದವನೆಂದು ಎಲ್ಲರೂ ಮುತ್ಯಾ ಎನ್ನುತ್ತಾರೆ. ನನಗೆ ಮಾತು ಕಡಿಮೆ. ಆದದ್ದಷ್ಟು ಬರೆಯುತ್ತೇನೆ.

೧. ಕಣ್ಣು

ಪಿಡಿಎಫ್ ಹಾಳೆಗಳನ್ನು ಫೋಟೋ ಮಾಡಿಕೊಡುತ್ತೇನೆ. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಸಾಕು, ಕೆಲಸವೆಲ್ಲ ನನ್ನ ಕಂಪ್ಯೂಟರಿನೊಳಗೇ ಮುಗಿಯುತ್ತದೆ. ಹಾಳೆ ಹೊರಗೆ ಹೋಗುವುದಿಲ್ಲ.

ಕಿಣ್ಣಿ ಸುಲ್ತಾನ ಎಂಬ ಊರಿನ ಒಬ್ಬ ಹೆಣ್ಣುಮಗಳು ದವಾಖಾನೆಯ ರಿಪೋರ್ಟ್ ತಂದಳು. ಅವಳಿಗೂ ಇದನ್ನೇ ಹೇಳಿದೆ.

"ಹೊರಗ ಹೋಗಂಗಿಲ್ಲ, ಖರೆ. ನೀವು ನೋಡ್ತೀರಲ್ಲ ಮುತ್ಯಾ?"

"ನೋಡದ ಹ್ಯಾಂಗ ಮಾಡ್ಲವ್ವಾ?"

"ಕಣ್ಣು ಮುಚ್ಚಿ ಮಾಡ್ರಿ."

"ಒತ್ತೋ ಗುಂಡಿ ಕಾಣಂಗಿಲ್ಲ."

ಅವಳು ಯೋಚಿಸಿದಳು. "ಹಂಗಾರ ಒಂದು ಕಣ್ಣು ಮುಚ್ರಿ."

ಮುಚ್ಚಿದೆ. ಸಮಾಧಾನದಿಂದ ಹೋದಳು. ಊರಲ್ಲಿ ಏನು ಹೇಳಿದಳೋ, ಗಿರಾಕಿ ಹೆಚ್ಚಾದರು. ಬಂದವರೆಲ್ಲ ಮೊದಲು ನನ್ನ ಕಣ್ಣು ನೋಡುತ್ತಿದ್ದರು.

೨. ತಂತಿ

ಅಫಜಲಪುರದ ಒಬ್ಬ ರೈತರು ಬಂದು ನನ್ನನ್ನು ದಿಟ್ಟಿಸಿದರು.

"ಒಕ್ಕಣ್ಣಿನ ಮುತ್ಯಾ ಅಂದಿದ್ರು. ಎರಡೂ ಅದಾವಲ್ರಿ?"

"ಅದಾವ."

ಮಗಳ ಸಂಬಂಧ ನೋಡುತ್ತಿದ್ದ ಹಿರಿಯರೊಬ್ಬರು ಇವರನ್ನು ನನ್ನಲ್ಲಿಗೆ ಕಳಿಸಿದ್ದರು. ತಂದದ್ದು ಮಗಳ ಬಯೋಡಾಟಾ. ಹಿಂದಿನ ಸಲ ಗಂಡಿನ ಮನೆಯವರಿಗಿಂತ ಮೊದಲು ಊರೇ ಅದನ್ನು ಓದಿತ್ತು. ಯಾರೋ ಚಾಡಿ ಹೇಳಿ ಸಂಬಂಧ ಮುರಿದಿದ್ದರು. ಈಗ ಜೇವರ್ಗಿಯ ಕಡೆಯಿಂದ ಮಾತು ಬಂದಿತ್ತು. ಅವರ ಮುಖ ಇವರು ನೋಡಿಲ್ಲ, ನಂಬರ್ ಮಾತ್ರ ಇದೆ. ತಮಗೆ ಫೈಲ್ ತೆರೆಯಲು ಬರುವುದಿಲ್ಲ, ಫೋಟೋ ಮಾಡಿ ಕಳಿಸಿ ಎಂದು ಆ ಕಡೆಯವರು ಹೇಳಿದ್ದರಂತೆ.

"ಇದೂ ಮುರದ್ರ ಮತ್ತ ಮದುವಿ ಮಾತೇ ಎತ್ತಬ್ಯಾಡ ಅಂದಾಳ್ರಿ ಮಗಳು."

ಹಾಳೆ ಹೊರಗೆ ಹೋಗುವುದಿಲ್ಲ ಎಂದೆ. ಆದರೂ ಕಂಪ್ಯೂಟರಿನ ನೆಟ್ ತಂತಿ ಕಿತ್ತರು. "ಈಗ ಮಾಡ್ರಿ."

ಪುಟ ಆಗಲೇ ತೆರೆದಿತ್ತು, ಮಾಡಿದೆ. ಪರದೆಯ ಮೇಲೆ ಎರಡು ಫೋಟೋ ಕಂಡು ಅವರ ಮುಖ ಬಿಗಿಯಾಯಿತು.

"ಒಂದು ಫೈಲಿಗಿ ಎರಡ್ಯಾಕ್ರಿ? ಇನ್ನೊಂದು ಯಾರಿಗಿ?"

"ಹಾಳಿ ಎರಡು ಅದಾವ."

ನೋಡಿಕೊಂಡರು. "ಹೌದ್ರಿ. ನಾನ ಬರಸೇನಿ."

೩. ಟಿಂಗ್

ಫೋಟೋಗಳನ್ನು ಅವರ ಫೋನಿಗೆ ಹಾಕಿಕೊಟ್ಟೆ. ಕಳಿಸಲು ಬೆಂಚಿನ ಮೇಲೆ ಕುಳಿತರು. ಅಲ್ಲಿ ಇನ್ನೊಬ್ಬ ಯಜಮಾನರು ಫೋನನ್ನು ಎದೆಗೆ ಒತ್ತಿಕೊಂಡು ಸರದಿ ಕಾಯುತ್ತಿದ್ದರು.

"ಯಾವೂರ್ರಿ ನಿಮ್ಮದು?" ಅಂದರು ನಮ್ಮ ರೈತರು.

"ಇಲ್ಲೇ ಬಾಜೂಕ. ನಿಮ್ಮದ್ರಿ?"

"ನಮ್ಮದೂ ಬಾಜೂಕನ."

ಅಷ್ಟೇ. ಊರ ಹೆಸರು ಬಿಟ್ಟುಕೊಡದೆ ಇಬ್ಬರೂ ಬೆನ್ನು ತಿರುಗಿಸಿ ಕುಳಿತರು. ರೈತರು ಫೋಟೋ ಕಳಿಸಿದರು. ಬೆನ್ನ ಹಿಂದೆ ಟಿಂಗ್ ಎಂದಿತು.

ತಿರುಗಿ ನೋಡಿದರೆ ಪಕ್ಕದವರ ಫೋನಿನಲ್ಲಿ ತಮ್ಮ ಮಗಳ ಮುಖ. ಎದ್ದು ನನ್ನ ಕಡೆ ಬಂದರು.

"ಮುತ್ಯಾ, ಹೊರಗ ಹೋಗಂಗಿಲ್ಲ ಅಂದಿದ್ರಿ."

"ನೀವ ಕಳಸೀರಿ."

"ಜೇವರ್ಗಿಯವ ನಾನ ರೀ," ಅಂದರು ಬೆಂಚಿನವರು ಮೆಲ್ಲಗೆ. ಅವರು ಮಗನ ಬಯೋಡಾಟಾ ತಂದಿದ್ದರು. ಅವರನ್ನು ಕಳಿಸಿದ್ದೂ ಅದೇ ಹಿರಿಯರು.

ರೈತರು ನಿಂತೇ ಇದ್ದರು. ಜೇವರ್ಗಿಯವರು ಎರಡೂ ಹಾಳೆ ಓದಿ ಮುಗಿಸಿದರು. ಆಮೇಲೆ ಬೆಂಚಿನ ಮೇಲೆ ಜಾಗ ಮಾಡಿದರು.

"ಕೂಡ್ರಿ. ಹುಡುಗಿ ಸಾಲಿ ಕಲಿಸ್ತಾಳಂದ್ರ ಚಲೋನ ಆಯ್ತು. ನಮ್ಮ ಹುಡುಗಂದೂ ನೋಡ್ರಿ." ಫೋನು ತೆರೆದವರು ನನ್ನ ಕಡೆ ನೋಡಿದರು. "ಮುತ್ಯಾ, ಕಣ್ಣು."

ಈ ಸಲ ಎರಡೂ ಮುಚ್ಚಿದೆ. ವಯಸ್ಸಾಗಿದೆ, ನಿದ್ದೆ ಹತ್ತಿತು.

ಎಚ್ಚರಾದಾಗ ಬೆಂಚು ಖಾಲಿ. ಎದುರಿನ ಚಹಾದಂಗಡಿಯಲ್ಲಿ ಇಬ್ಬರೂ ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಒಬ್ಬರನ್ನೊಬ್ಬರು ಬೀಗರೇ ಎಂದು ಕರೆಯುತ್ತಿದ್ದರು. ನೆಟ್ ತಂತಿ ಮಾತ್ರ ಇನ್ನೂ ಕಿತ್ತೇ ಇತ್ತು.