ಅನಂತರಾಜರ ಗಾಡಿಯ ಹಿಂದಿನ ಸೀಟು

"ನೋಡ್ತಾ ಇರು ಶಶಿ! ಮೂಡಬಿದ್ರೆಯಿಂದ ಬೆಳ್ತಂಗಡಿಯ ತನಕ ಇಂಥ ಗಾಡಿ ಇನ್ನೊಂದು ಇರಬಾರದು, ಹಾಗೆ ಮಾಡ್ತೇನೆ!"

ಅರುವತ್ತೊಂದನೆಯ ಇಸವಿಯ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಮೂಡಬಿದ್ರೆ ಪೇಟೆಯ ಜವಳಿ ವ್ಯಾಪಾರಿ ಅನಂತರಾಜರು ತಮ್ಮ ಮನೆಯ ಗಾಡಿಕೊಟ್ಟಿಗೆಯಲ್ಲಿ ನಿಂತು ಈ ಘೋಷಣೆ ಮಾಡಿದರು. ಕೇಳಿಸಿಕೊಂಡವರು ಇಬ್ಬರೇ. ಒಂದು, ಹೆಂಡತಿ ಶಶಿಪ್ರಭಾ. ಇನ್ನೊಂದು, ಕೊಟ್ಟಿಗೆಯ ಬೆಕ್ಕು. ಬೆಕ್ಕು ಅಲ್ಲಿಂದಲೇ ಎದ್ದು ಹೋಯಿತು. ಅದಕ್ಕೆ ಬುದ್ಧಿ ಇತ್ತು.

ಎತ್ತಿನ ಗಾಡಿ ಹೋದ ಮೇಲೆ ಆ ಕೊಟ್ಟಿಗೆಯಲ್ಲಿ ನಿಂತದ್ದು, ಯುದ್ಧ ಮುಗಿದ ನಂತರ ಹರಾಜಿನಲ್ಲಿ ಬಂದ ಮಿಲಿಟರಿ ಮೋಟಾರು ಸೈಕಲ್ಲು. ಪೇಟೆಯವರ ಬಾಯಲ್ಲಿ ಅದು ಫಟ್‌ಫಟಿ. ಮದುವೆಯಾಗಿ ಬಂದ ವರ್ಷದಿಂದ ಅದರ ಹಿಂದಿನ ಸೀಟಿನ ಮೇಲೆ ಶಶಿಪ್ರಭಾಳಿಗೆ ಕಣ್ಣು. ಅತ್ತೆ ಪ್ರಭಾವತಿಯಮ್ಮನವರು ಮಾತ್ರ ಆರು ವರ್ಷ ಜಗ್ಗಲಿಲ್ಲ. "ಮನೆಯ ಸೊಸೆ ಗಂಡನ ಬೆನ್ನಿಗೆ ಅಂಟಿಕೊಂಡು ಪೇಟೆಯಲ್ಲಿ ಹೋಗುವುದಾ? ನಾನು ಇರುವಾಗ ಆಗ್ಲಿಕ್ಕಿಲ್ಲ!"

ಅಂಥವರು ಆ ಮಾರ್ಚ್ ತಿಂಗಳಲ್ಲಿ ಅದೇನು ಪುಣ್ಯವೋ, ತಾವಾಗಿಯೇ ಹೇಳಿದರು: "ಅಳದಂಗಡಿಯಲ್ಲಿ ನಿನ್ನ ತಂಗಿಯ ಮಗುವಿಗೆ ತೊಟ್ಟಿಲು ಹಾಕುವುದಲ್ಲವಾ? ಇಬ್ಬರೂ ಅದರಲ್ಲೇ ಹೋಗಿ. ಸೀದಾ ಹೋಗಿ ಸೀದಾ ಬನ್ನಿ."

ಅಂದಿನಿಂದ ಶಶಿಪ್ರಭಾ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಮಣೆಯ ಮೇಲೆ ಓರೆಯಾಗಿ ಕೂತು, ಎದುರಿನ ಕಂಬ ಹಿಡಿದು, ಅಭ್ಯಾಸ ಮಾಡತೊಡಗಿದಳು. ಅನಂತರಾಜರು ಇದನ್ನು ಬಾಗಿಲ ಸಂದಿನಿಂದ ಕಂಡು ನಕ್ಕಿದ್ದರು.

ಬೇರೆ ಗಂಡನಾಗಿದ್ದರೆ ಪೆಟ್ರೋಲು ತುಂಬಿಸಿ, ಟೈರಿಗೆ ಗಾಳಿ ಹೊಡೆದು ಸುಮ್ಮನಿರುತ್ತಿದ್ದ. ಇವರು ಸುಮ್ಮನಿರುವ ಜಾತಿಯವರಲ್ಲ. ಮೊದಲ ಸವಾರಿಗೆ ತಕ್ಕ ವಾಹನ ಬೇಡವೇ? ಬೊಂಬಾಯಿಯಿಂದ ಬಂದ ಬಟ್ಟೆಯ ಕಟ್ಟಿನಲ್ಲಿ ಹಳೆಯ ಅಮೆರಿಕದ ಪತ್ರಿಕೆಯೊಂದು ಸಿಕ್ಕಿತ್ತು. ಅದರಲ್ಲೊಂದು ಚಿತ್ರ. ನೆಲಕ್ಕೆ ತಾಗುವಷ್ಟು ತಗ್ಗಿದ, ಉದ್ದನೆಯ ಗಾಡಿ. ಆಕಾಶಕ್ಕೆ ಏರಿದ ಹ್ಯಾಂಡಲ್. ಮೇಲೊಬ್ಬ ಸವಾರ, ಸಿಂಹಾಸನವೇರಿದ ಗತ್ತು! ಅನಂತರಾಜರು ಆ ಒಂದು ಪುಟವನ್ನು ಹರಿದು ಕಿಸೆಗೆ ಹಾಕಿಕೊಂಡರು. ಉಳಿದ ಪುಟಗಳು ಅಂಗಡಿಯಲ್ಲಿ ಬಟ್ಟೆ ಸುತ್ತಲು ಹೋದವು.

ಮೊದಲು ಹ್ಯಾಂಡಲ್. ಪಂಪಿನ ಹಳೆಯ ಪೈಪಿಗೆ ಮರಳು ತುಂಬಿಸಿ, ಎರಡೂ ತುದಿಗೆ ಮರದ ಬೆಣೆ ಬಡಿದು, ಕಾಯಿಸಿ ಬಗ್ಗಿಸಬೇಕು. ಬಚ್ಚಲಿನ ಒಲೆ ಇದ್ದೇ ಇತ್ತು. ಮರಳು ಒಣಗಿರಬೇಕು ಎಂಬುದೊಂದು ಅವರಿಗೆ ಗೊತ್ತಿರಲಿಲ್ಲ. ಪೈಪು ಕೆಂಪಾಗುವಷ್ಟರಲ್ಲಿ ಒಳಗಿನ ನೀರು ಆವಿಯಾಗಿ, ಬೆಣೆ ಜಾತ್ರೆಯ ಸಿಡಿಮದ್ದು ಕದನಿಯಂತೆ ಸಿಡಿದು ತಾಮ್ರದ ಹಂಡೆಗೆ ಬಡಿಯಿತು! ಸ್ನಾನಕ್ಕೆ ಬರುತ್ತಿದ್ದ ಪ್ರಭಾವತಿಯಮ್ಮ ಬಾಗಿಲಲ್ಲೇ ಕುಸಿದು ಕೂತರು.

"ನಾನು ಣಮೋಕಾರ ಮಂತ್ರ ಹೇಳಿಕೊಂಡು ಬರ್ತಾ ಇದ್ದೆ. ಹಾಗಾಗಿ ಉಳಿದೆ!"

"ಹಂಡೆ ನೆಗ್ಗಿ ಹೋಯಿತಲ್ಲ," ಎಂದಳು ಶಶಿಪ್ರಭಾ. "ಇನ್ನು ಎಂತೆಂತ ಆಗ್ಲಿಕ್ಕೆ ಉಂಟು?"

"ಹಂಡೆ ನೆಗ್ಗಿದರೇನು, ಹ್ಯಾಂಡಲ್ ಬಗ್ಗಿತಲ್ಲ!"

ಬಗ್ಗಿದ್ದು ನಿಜ. ಅದನ್ನು ಗಾಡಿಗೆ ಬಿಗಿದು ಪೇಟೆಗೆ ಒಂದು ಸುತ್ತು ಹೋದರೆ ದಾರಿಯಲ್ಲಿ ಒಬ್ಬರು ಕೇಳಿಯೇ ಬಿಟ್ಟರು: "ಎಂತ ಅನಂತಣ್ಣ, ಎರಡೂ ಕೈ ಎತ್ತಿದ್ದೀರಿ? ಯಾರಿಗೆ ಶರಣಾದದ್ದು?"

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇಲ್ಲ. ಹೊರಡುವ ಹಿಂದಿನ ದಿನ ಅವರು ಗಾಡಿಯ ಹಿಂಭಾಗಕ್ಕೆ ಕೈ ಹಾಕಿದರು. ಕಬ್ಬಿಣ ಕೊಯ್ಯುವ ಗರಗಸ ತಂದುಕೊಟ್ಟ ಸೈಕಲ್ ಶಾಪಿನ ಮಮ್ಮು, ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಧಣಿ, ಇದರಲ್ಲಿ ಸವಾರನ ಬೆನ್ನಿಗೇ ಚಿತ್ರ ಮುಗೀತದಲ್ಲ. ಹಿಂದೆ ಎಂತ ಉಂಟು?"

"ಎಂತದೂ ಇಲ್ಲ! ಅದೇ ಅದರ ಚೆಂದ!"

"ಹಾಗಾದರೆ ಅಕ್ಕ ಕೂತುಕೊಳ್ಳುವುದೆಲ್ಲಿ ಮಾರಾಯ್ರೆ?"

"ಕಡೆಗೆ ಒಂದು ಸಣ್ಣ ಸೀಟು ಕೂರಿಸುವ. ಮೊದಲು ಆಕಾರ ಬರಲಿ!"

ಆಕಾರ ಬಂತು. ಹಿಂದಿನ ಸೀಟು ಹೋಯಿತು, ಅದನ್ನು ಹೊತ್ತಿದ್ದ ಎರಡು ಕಬ್ಬಿಣದ ಕಾಲುಗಳೂ ಹೋದವು. ಸಣ್ಣ ಸೀಟು ಕೂರಿಸಲು ಹೋದಾಗಲೇ ತಿಳಿದದ್ದು, ಅದನ್ನು ಬಿಗಿಯಲು ಗಾಡಿಯಲ್ಲಿ ಜಾಗವೇ ಉಳಿದಿಲ್ಲ ಎಂದು!

"ಕೊಯ್ಯುವುದು ಸುಲಭ ಧಣಿ," ಎಂದ ಮಮ್ಮು ಮೆಲ್ಲಗೆ. "ಬೆಸುಗೆ ಹಾಕ್ಲಿಕ್ಕೆ ಮಂಗಳೂರಿಗೇ ಹೋಗಬೇಕು. ನಾಲ್ಕು ದಿನ ಬೇಕು."

ಅನಂತರಾಜರು ಮನೆಯಲ್ಲಿ ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಸೀಟನ್ನು ತೆಂಗಿನ ಹಗ್ಗದಲ್ಲಿ ಬಿಗಿದು ಕಟ್ಟಿದರು. ಪರೀಕ್ಷೆಗೆಂದು ಹೆಂಡತಿಯ ಬದಲು ಬೈಹುಲ್ಲಿನಲ್ಲಿ ಕಟ್ಟಿದ ಒಂದು ಅಕ್ಕಿ ಮುಡಿ ಕೂರಿಸಿ ಹೊರಟರು. ಅಂಗಳ ದಾಟುವ ಮೊದಲೇ ಮುಡಿ ಸೀಟಿನ ಸಮೇತ ಉರುಳಿ ಬದಿಯ ನೀರಿನ ತೋಡಿಗೆ ಬಿತ್ತು. ಮುಡಿಯ ಜಾಗದಲ್ಲಿ ಶಶಿಯನ್ನು ನೆನೆದು ಅವರು ಹಗ್ಗವನ್ನು ಬಿಚ್ಚಿ ಮೂಲೆಗೆ ಎಸೆದರು.

ಮಧ್ಯಾಹ್ನ ಎರಡು ಗಂಟೆಗೆ ಶಶಿಪ್ರಭಾ ಹಸಿರು ರೇಷ್ಮೆ ಸೀರೆಯುಟ್ಟು, ಗಾಳಿಗೆ ಕೂದಲು ಹಾರದ ಹಾಗೆ ತಲೆಗೊಂದು ವಸ್ತ್ರ ಕಟ್ಟಿ, ಮಗುವಿನ ಅಂಗಿಯ ಪೊಟ್ಟಣ ಹಿಡಿದು ಕೊಟ್ಟಿಗೆಗೆ ಬಂದಳು. ಗಾಡಿಗೆ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

"ನಾನು ಎಲ್ಲಿ ಕೂತುಕೊಳ್ಳುವುದು?"

ಅನಂತರಾಜರು ಗಾಡಿಯನ್ನು ನೋಡಿದರು, ತಲೆಯ ಮೇಲಿನ ಮಾಡನ್ನು ನೋಡಿದರು, ತಮ್ಮ ಮಸಿ ಹಿಡಿದ ಕೈಯನ್ನು ನೋಡಿದರು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಲೆಯ ವಸ್ತ್ರ ಬಿಚ್ಚಿ ನಾಲ್ಕು ಮಡಿಕೆ ಮಾಡಿದಳು. "ಎರಡೂವರೆಯ ಬಸ್ಸು ಉಂಟು. ಹೊತ್ತು ಕಂತುವ ಮೊದಲು ಅಲ್ಲಿ ಊಟ ಆಗಬೇಕಲ್ಲ. ನಾನು ಹೋಗ್ತೇನೆ," ಎಂದು ಹೊರಟಳು.

ಅಮೆರಿಕದ ಗತ್ತಿನ ಆ ಗಾಡಿ ಬಸ್ಸಿನ ಧೂಳು ಕುಡಿಯುತ್ತ ಹಿಂದಿನಿಂದ ಹೋಯಿತು. ವೇಣೂರು ದಾಟಿದ ಮೇಲೆ ಹ್ಯಾಂಡಲ್ ಹಿಡಿತ ಬಿಟ್ಟು ಸವಾರನ ಮಡಿಲಿಗೆ ಬಿತ್ತು! ಉಳಿದ ದಾರಿ ತಳ್ಳಿದ್ದೇ. ಅಳದಂಗಡಿಯ ಮಾವನ ಮನೆಯ ಅಂಗಳ ಸೇರುವಾಗ ದೀಪ ಹಚ್ಚಿ ಆಗಿತ್ತು.

"ಬನ್ನಿ ಬನ್ನಿ, ತಡ ಆಯಿತಲ್ಲ," ಎಂದರು ಮಾವ, ಸಂಕಟದಿಂದ. "ಊಟ ಇನ್ನು ಬೆಳಿಗ್ಗೆಯೇ."

ಸೂರ್ಯ ಮುಳುಗಿದ ಮೇಲೆ ಆ ಜೈನ ಮನೆಯ ಅಡುಗೆಕೋಣೆ ಅಳಿಯನಿಗೂ ತೆರೆಯದು. ಒಳಗಿನಿಂದ ಹೋಳಿಗೆಯ ಪರಿಮಳ ಮಾತ್ರ ಬರುತ್ತಿತ್ತು. ಅದಕ್ಕೆ ನಿಯಮ ಇರಲಿಲ್ಲ.

ಚಾವಡಿಯ ಮೂಲೆಯಲ್ಲಿ ಹಸಿದು ಕೂತ ಅನಂತರಾಜರಿಗೆ ಹಸಿವಿಗಿಂತ ಹೆಚ್ಚಾಗಿ ಕಾಡಿದ್ದು ಆ ಮಡಚಿದ ತಲೆವಸ್ತ್ರ. ಅಮ್ಮ ಆರು ವರ್ಷಕ್ಕೆ ಒಮ್ಮೆ ಕೊಟ್ಟ ಒಪ್ಪಿಗೆ. ಹಂಡೆಯ ಪ್ರಕರಣ ಆದ ಮೇಲೆ ಇನ್ನೊಮ್ಮೆ ಕೊಡುತ್ತಾರೆಯೇ? ಗಾಡಿ ಇದ್ದ ಹಾಗೆ ಇದ್ದಿದ್ದರೆ ಸಾಕಿತ್ತು. ಹಾಳು ಕೈ!

ಶಶಿಪ್ರಭಾ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಒಂದು ಕಾಗದ.

"ಮಗುವಿನ ಅಂಗಿ ನಿಮ್ಮ ಅಂಗಡಿಯಲ್ಲಿ ಇದರಲ್ಲಿ ಸುತ್ತಿ ಕೊಟ್ಟದ್ದು. ನಿಮ್ಮ ಕಿಸೆಯ ಪುಟ ತೆಗೆಯಿರಿ."

ಅವರು ತೆಗೆದರು. ಅವಳು ಎರಡನ್ನೂ ನೆಲದ ಮೇಲೆ ಅಂಚಿಗೆ ಅಂಚು ಸೇರಿಸಿ ಇಟ್ಟಳು. ಚಿತ್ರ ಎರಡು ಪುಟಕ್ಕೆ ಹರಡಿತ್ತು! ಈಗ ಗಾಡಿ ಪೂರ್ತಿಯಾಯಿತು. ಸವಾರನ ಹಿಂದೆ ಒಂದು ಅಗಲವಾದ ಮೆತ್ತನೆಯ ಸೀಟು. ಅದರ ಮೇಲೆ ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಅವನ ಸೊಂಟ ಹಿಡಿದು, ಬಾಯಿ ತುಂಬ ನಗುತ್ತಿದ್ದಳು.

ಅನಂತರಾಜರು ಚಿತ್ರದ ಮೇಲೆ ಬಗ್ಗಿದರು. "ಇದು... ಯಾರು ಶಶಿ?"

"ಅವನ ಹೆಂಡತಿ ಇರಬೇಕು," ಎಂದಳು ಶಶಿಪ್ರಭಾ, ಚಿತ್ರದಿಂದ ಕಣ್ಣು ತೆಗೆಯದೆ. "ಕರೆದುಕೊಂಡು ಹೋಗ್ತಾ ಇದ್ದಾನೆ."